ಗೇಟಿನ ಹೂವಿನ ಹಿಂದೊಂದು ಹೆಸರು

ನಮ್ಮ ಶಾಲೆಯ ಗೇಟಿಗೆ ಹಬ್ಬಿದ್ದ ಕಾಗದದ ಹೂವಿನ ಗಿಡ ನಿಮಗೆಲ್ಲ ನೆನಪಿರಬೇಕು. ಬೋಗನ್‌ವಿಲ್ಲಾ ಎಂಬ ಹೆಸರು ಫ್ರೆಂಚ್ ನೌಕಾಯಾನದ ನಾಯಕ ಬೂಗನ್‌ವಿಲ್ ಅವರದು. ಆ ಯಾನದ ಸಸ್ಯವಿಜ್ಞಾನಿ ಕಾಮರ್ಸನ್ 1767ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಗುರುತಿಸಿದರು. 1789ರಲ್ಲಿ ಜುಸ್ಯೂ ಹೆಸರನ್ನು ಪ್ರಕಟಿಸಿದರು.

ಕಾಮರ್ಸನ್ ಜೊತೆ ಗಿಡಗಳ ಹೊರೆ ಹೊತ್ತವರು ಜೀನ್ ಬಾರೆ. 1740ರಲ್ಲಿ ಬಡ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಆಕೆ, ಹಡಗಿನಲ್ಲಿ ಹೆಂಗಸರಿಗೆ ನಿಷೇಧವಿದ್ದುದರಿಂದ ಗಂಡುವೇಷದಲ್ಲಿ ಹೊರಟರು. ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆಯೆನಿಸಿ 1807ರಲ್ಲಿ ತೀರಿಕೊಂಡರು. 2012ರಲ್ಲಷ್ಟೇ ಬದನೆಯ ಕುಲದ ಗಿಡವೊಂದಕ್ಕೆ ಸೋಲಾನಮ್ ಬಾರೆಟಿಯೆ ಎಂದು ಆಕೆಯ ಹೆಸರಿಟ್ಟರು.

ಸಾಫ್ಟ್‌ವೇರ್‌ನಲ್ಲಿ ಯಾವ ಸಾಲು ಯಾರು ಬರೆದರೆಂದು ದಾಖಲಾಗುತ್ತದೆ. ನಮ್ಮ ಗಿಡಕ್ಕೆ ನಿತ್ಯ ನೀರೆರೆದ ಜವಾನರ ಹೆಸರು ಮಾತ್ರ ನನಗೇ ಗೊತ್ತಿಲ್ಲ. ಬಲ್ಲ ಹಿರಿಯರು ದಯವಿಟ್ಟು ತಿಳಿಸಿ.