ಉಕ್ಕಿನ ಗುಟ್ಟು ಹುಡುಕಿದ ಮೈಕೆಲ್ ಫ್ಯಾರಡೆ

ಹೈಸ್ಕೂಲಿನಲ್ಲಿ ನಮಗೆ ಮೈಕೆಲ್ ಫ್ಯಾರಡೆ ಎಂದರೆ ಸುರುಳಿ, ಆಯಸ್ಕಾಂತ, ವಿದ್ಯುತ್ಕಾಂತೀಯ ಪ್ರೇರಣೆ. ಅದಕ್ಕೂ ಮೊದಲು ಅವರು ಕೆಲವು ವರ್ಷ ಭಾರತದ ಉಕ್ಕಿನ ಬೆನ್ನು ಹತ್ತಿದ್ದರೆಂಬುದು ಪಠ್ಯದಲ್ಲಿರಲಿಲ್ಲ. ನಮ್ಮ ಸೀಮೆಯವರು ತಿಳಿಯಬೇಕಾದ ಭಾಗ ಅದೇ.

1791ರಲ್ಲಿ ಲಂಡನ್ ಬಳಿ ಹುಟ್ಟಿದ ಫ್ಯಾರಡೆ ಕಮ್ಮಾರನ ಮಗ. ಬಡತನದಿಂದ ಹೆಚ್ಚು ಓದಲಾಗಲಿಲ್ಲ. ಹದಿನಾಲ್ಕಕ್ಕೆ ಬುಕ್ ಬೈಂಡಿಂಗ್ ಅಂಗಡಿ ಸೇರಿ, ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಸಹಾಯಕರಾದರು.

ಆಗ ಇಂಗ್ಲೆಂಡಿನವರು ಭಾರತದ ಉಕ್ಕನ್ನು ‘ವೂಟ್ಜ್’ ಎನ್ನುತ್ತಿದ್ದರು. ಅದು ನಮ್ಮ ‘ಉಕ್ಕು’ ಪದವೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಮಾಗಡಿ, ಮಧುಗಿರಿ ಕಡೆಯ ಕಬ್ಬಿಣದ ಕೆಲಸವನ್ನು ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸಿದರೆ ಉಕ್ಕು. ನಮ್ಮ ಬದುಗಳಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ!

1819ರಲ್ಲಿ ಫ್ಯಾರಡೆ ಈ ಉಕ್ಕನ್ನು ವಿಶ್ಲೇಷಿಸಿದರು. ಅದರಲ್ಲಿ ಚೂರು ಅಲ್ಯೂಮಿನಿಯಂ ಇದೆ, ಗುಣಕ್ಕೆ ಅದೇ ಕಾರಣ ಎಂದುಕೊಂಡರು. ಅದು ತಪ್ಪು. ಆದರೆ ಚಿಟಿಕೆಯಷ್ಟು ಬೆರಕೆ ಲೋಹದ ಗುಣವನ್ನೇ ಬದಲಿಸಬಹುದೆಂಬ ಅನುಮಾನ ಸರಿಯಾಗಿತ್ತು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕರೊಂದಿಗೆ ಬೆಳ್ಳಿ, ಪ್ಲಾಟಿನಂ, ನಿಕ್ಕಲ್, ಕ್ರೋಮಿಯಂ ಹೀಗೆ ಒಂದೊಂದನ್ನೇ ಉಕ್ಕಿಗೆ ಬೆರೆಸಿ ಕರಗಿಸಿದರು. ಬೆಳ್ಳಿ ಐನೂರರಲ್ಲಿ ಒಂದು ಪಾಲಿದ್ದಾಗ ಒಳ್ಳೆಯ ಉಕ್ಕು ಬಂತು. ಹೆಚ್ಚಾದರೆ ಬೆಳ್ಳಿ ಬೇರೆಯಾಗಿ ನಿಂತಿತು. 1823ರಲ್ಲಿ ಸ್ಟೋಡಾರ್ಟ್ ತೀರಿಕೊಂಡರು. ಫ್ಯಾರಡೆ ಕ್ರಮೇಣ ಈ ಕೆಲಸ ಬಿಟ್ಟರು. 1831ರದ್ದು ಎಲ್ಲರಿಗೂ ಗೊತ್ತು.

ಇಂದು ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಹೆಲಿಕಾಪ್ಟರ್ ಎಂಜಿನ್ನಿನ ಟರ್ಬೈನ್ ಬ್ಲೇಡುಗಳನ್ನು ನಿಕ್ಕಲ್ ಮೂಲದ ಸೂಪರ್‌ಅಲಾಯ್‌ನಲ್ಲಿ ಎರಕ ಹೊಯ್ಯುತ್ತಾರೆ. ಅದರಲ್ಲಿ ಸೀಸ, ಬಿಸ್ಮತ್ ಹತ್ತು ಲಕ್ಷಕ್ಕೆ ಕೆಲವೇ ಪಾಲು ಸೇರಿದರೂ ಲೋಹದ ಕಣಗಳ ನಡುವಿನ ಬೆಸುಗೆ ಸಡಿಲವಾಗಿ, ಕಾವಿನಲ್ಲಿ ಬ್ಲೇಡು ಬಿರಿಯಬಹುದು. ಬೋರಾನ್ ಚೂರು ಬಿದ್ದರೆ ಅದೇ ಬೆಸುಗೆ ಗಟ್ಟಿ. ಬೆರಕೆಯೆಲ್ಲ ಕೆಟ್ಟದ್ದಲ್ಲ, ಯಾವುದು, ಎಷ್ಟು ಎಂಬುದು ಮುಖ್ಯ. ಫ್ಯಾರಡೆ ಕೇಳಿದ್ದೂ ಅದನ್ನೇ.

ಸರ್ ಪದವಿ ಬೇಡವೆಂದ ಅವರು 1867ರಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಉಳಿದಿದ್ದ 79 ಉಕ್ಕಿನ ತುಂಡುಗಳನ್ನು ಹ್ಯಾಡ್‌ಫೀಲ್ಡ್ ಎಂಬ ಲೋಹತಜ್ಞರು ಪರೀಕ್ಷಿಸಿ 1931ರಲ್ಲಿ ಪುಸ್ತಕ ಬರೆದರು. 1998ರಲ್ಲಿ ವೆರ್ಹೋವನ್ ಮತ್ತು ಪೆಂಡ್ರೆ, ಭಾರತದ ಉಕ್ಕಿನಿಂದಾದ ಡಮಾಸ್ಕಸ್ ಕತ್ತಿಗಳ ಅಲೆಗೆರೆಗೆ ಮುಖ್ಯ ಕಾರಣ ಅದಿರಿನಿಂದ ಬಂದ ವೆನೇಡಿಯಂನಂಥ ಬೆರಕೆ ಎಂದು ವಾದಿಸಿದರು. ನೂರಕ್ಕೆ 0.01 ಪಾಲಿಗಿಂತ ಕಡಿಮೆಯಿದ್ದರೂ ಸಾಕು. ಅಂಥ ಅದಿರು ಮುಗಿದಾಗ ಕಮ್ಮಾರರ ಕೈಗೆ ಆ ಗೆರೆ ಮತ್ತೆ ಬರಲಿಲ್ಲವೇನೋ ಎಂಬುದು ಅವರ ಊಹೆ. ಫ್ಯಾರಡೆ ಮೂಸೆ ಕಾಯಿಸುತ್ತಿದ್ದಾಗ ವೆನೇಡಿಯಂಗೆ ಆ ಹೆಸರೂ ಇನ್ನೂ ಬಂದಿರಲಿಲ್ಲ.