ಸಾಸಿವೆಯ ವಂಶಾವಳಿ ಬಿಡಿಸಿದ ಊ ಜಾಂಗ್-ಚುನ್

ನಮ್ಮ ಒಗ್ಗರಣೆಯ ಸಾಸಿವೆ ಮೂಲತಃ ಎರಡು ಬೇರೆ ಬೇರೆ ಪ್ರಭೇದದ ಗಿಡಗಳು ಕೂಡಿ ಹುಟ್ಟಿದ ಗಿಡದ್ದು ಎಂದರೆ ಎಷ್ಟೋ ಜನ ನಂಬುವುದಿಲ್ಲ. ಸಾಸಿವೆ, ಕೋಸು, ಟರ್ನಿಪ್‌ಗಳ ಈ ನೆಂಟಸ್ತಿಕೆಯನ್ನು ಒಂದೇ ತ್ರಿಕೋನದಲ್ಲಿ ಬರೆದು ತೋರಿಸಿದವರು ಊ ಜಾಂಗ್-ಚುನ್. ಕೊರಿಯಾದಲ್ಲಿ ಅವರ ಹೆಸರು ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಜೀವಶಾಸ್ತ್ರ ಓದುವವರಿಗೂ ಅಷ್ಟಾಗಿ ಗೊತ್ತಿಲ್ಲ.

ಅವರು ಹುಟ್ಟಿದ್ದು 1898ರಲ್ಲಿ, ಜಪಾನಿನ ಟೋಕಿಯೋದಲ್ಲಿ. ತಾಯಿ ಜಪಾನಿ, ತಂದೆ ಕೊರಿಯಾದ ಸೇನಾಧಿಕಾರಿ. 1895ರಲ್ಲಿ ಕೊರಿಯಾದ ರಾಣಿಯ ಕೊಲೆಯಾದಾಗ ಅದರಲ್ಲಿ ಕೈಜೋಡಿಸಿದವನೆಂಬ ಆರೋಪ ಹೊತ್ತು ತಂದೆ ಜಪಾನಿಗೆ ಓಡಿಬಂದಿದ್ದರು. 1903ರಲ್ಲಿ ಒಬ್ಬ ಕೊರಿಯನ್ನನೇ ಅವರನ್ನು ಕೊಂದ. ಐದು ವರ್ಷದ ಹುಡುಗ ಯತೀಮನಾದ. ತಾಯಿಗೆ ಸಾಕುವ ಶಕ್ತಿಯಿಲ್ಲದೆ ಕೆಲಕಾಲ ಅವನನ್ನು ಬೌದ್ಧ ದೇವಾಲಯದ ಅನಾಥಾಲಯದಲ್ಲಿ ಬಿಡಬೇಕಾಯಿತು. ಜಪಾನಿನಲ್ಲಿ ಅವನು ಕೊರಿಯನ್, ಕೊರಿಯಾದಲ್ಲಿ ದ್ರೋಹಿಯ ಮಗ.

ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿ, 1919ರಲ್ಲಿ ಸರ್ಕಾರಿ ಕೃಷಿ ಪ್ರಯೋಗ ಕೇಂದ್ರ ಸೇರಿದರು. ಎಲ್ಲ ಗಿಡಗಳಲ್ಲೂ ಸುತ್ತುಸುತ್ತಿನ ಎಸಳಿನ ಹೂ ಬಿಡುವ ಪೆಟೂನಿಯಾ ತಳಿಯಿಂದ ಅವರಿಗೆ ಮೊದಲು ಹೆಸರು ಬಂತು. ಆದರೆ ದೊಡ್ಡ ಕೆಲಸ 1935ರ ಪ್ರಬಂಧ.

ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಟರ್ನಿಪ್ ಜಾತಿಯ ಗಿಡದ ಒಂದೊಂದು ಲಿಂಗಾಣುವಿನಲ್ಲಿ 10 ವರ್ಣತಂತುಗಳು, ಎಲೆಕೋಸಿನಲ್ಲಿ 9, ಕಪ್ಪು ಸಾಸಿವೆಯಲ್ಲಿ 8. ಎಣ್ಣೆಬೀಜವಾದ ರೇಪ್ ಗಿಡದಲ್ಲಿ 19. ಇದು 10 ಮತ್ತು 9ರ ಮೊತ್ತ. ನಮ್ಮ ಸಾಸಿವೆಯಲ್ಲಿ 18, ಅಂದರೆ 10 ಮತ್ತು 8. ಇಥಿಯೋಪಿಯಾದ ಸಾಸಿವೆಯಲ್ಲಿ 17, ಅಂದರೆ 9 ಮತ್ತು 8. ಜಪಾನಿನ ಮೊರಿನಾಗ ಎಂಬ ವಿಜ್ಞಾನಿ ಈ ಲೆಕ್ಕಗಳನ್ನು ಮೊದಲೇ ಶುರು ಮಾಡಿದ್ದರು. ಲೆಕ್ಕ ಕೂಡಿದ ಮಾತ್ರಕ್ಕೆ ಸಂಬಂಧ ಸಾಬೀತಾಗುವುದಿಲ್ಲವಲ್ಲ! ಊ ಅವರು ಟರ್ನಿಪ್ ಗುಂಪಿನ ಗಿಡಕ್ಕೂ ಕೋಸಿಗೂ ಕೈಯಾರೆ ಪರಾಗಸ್ಪರ್ಶ ಮಾಡಿ, ಪ್ರಕೃತಿ ಎಂದೋ ಮಾಡಿದ್ದ ರೇಪ್ ಗಿಡವನ್ನು ಪ್ರಯೋಗದಲ್ಲಿ ಮತ್ತೆ ಹುಟ್ಟಿಸಿದರು.

ಎರಡು ಪ್ರಭೇದ ಕೂಡಿದರೆ ಹುಟ್ಟುವ ಗಿಡ ಸಾಮಾನ್ಯವಾಗಿ ಬಂಜೆ. ಒಂದು ಕಡೆಯ ವರ್ಣತಂತುವಿಗೆ ಇನ್ನೊಂದು ಕಡೆ ಸರಿಯಾದ ಜೋಡಿ ಸಿಗದೆ ಲಿಂಗಾಣುಗಳು ಕೆಡುತ್ತವೆ. ಆದರೆ ಅಪರೂಪಕ್ಕೊಮ್ಮೆ ವರ್ಣತಂತುಗಳೆಲ್ಲ ಇಮ್ಮಡಿಯಾಗುತ್ತವೆ. ಆಗ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿ ಗಿಡ ಬೀಜ ಕಟ್ಟುತ್ತದೆ. ತಂದೆತಾಯಿ ಗಿಡಗಳ ಜೊತೆ ಸುಲಭವಾಗಿ ಕೂಡದ, ತನ್ನಷ್ಟಕ್ಕೆ ತಾನೇ ಬೆಳೆಯುವ ಹೊಸ ಪ್ರಭೇದ ಹಾಗೆ ನಿಲ್ಲುತ್ತದೆ. ಜೀವವಿಕಾಸವೆಂದರೆ ಕವಲೊಡೆಯುತ್ತ ಹೋಗುವ ಮರ ಎಂದು ನಾವು ಚಿತ್ರ ಬರೆಯುತ್ತೇವೆ. ಕವಲುಗಳು ಮತ್ತೆ ಬೆಸೆದುಕೊಂಡೂ ಹೊಸ ಕವಲು ಹುಟ್ಟಬಹುದು ಎಂಬುದಕ್ಕೆ ಇದು ಗಟ್ಟಿ ಪುರಾವೆಯಾಯಿತು. ಎಷ್ಟೋ ದಶಕಗಳ ನಂತರ ಡಿಎನ್‌ಎ ಓದಿದವರಿಗೂ ಅದೇ ತ್ರಿಕೋನ ಸಿಕ್ಕಿತು. ಅದಕ್ಕೆ ಇಂದಿಗೂ ಊ ತ್ರಿಕೋನವೆಂದೇ ಹೆಸರು. ಪ್ರಬಂಧಗಳಲ್ಲಿ ಅವರು ತಂದೆಯ ಮನೆತನದ ಆ ಒಂದಕ್ಷರವನ್ನು ಬಿಡದೆ ಇಟ್ಟುಕೊಂಡದ್ದರಿಂದ ಅದು ಉಳಿಯಿತು.

1936ರಲ್ಲಿ ಡಾಕ್ಟರೇಟ್ ಬಂತು. ಮರುವರ್ಷವೇ ಸರ್ಕಾರಿ ಕೆಲಸ ಬಿಟ್ಟು ಕ್ಯೋಟೋದ ಒಂದು ಬೀಜದ ಕಂಪನಿ ಸೇರಿದರು.

1945ರಲ್ಲಿ ಕೊರಿಯಾ ಸ್ವತಂತ್ರವಾದಾಗ ಅಲ್ಲಿ ತರಕಾರಿ ಬೀಜಕ್ಕೆ ಬರ. ಬೀಜವೆಲ್ಲ ಜಪಾನಿನಿಂದ ಬರುತ್ತಿತ್ತು. ಕೊರಿಯಾದ ಜನ ಅವರನ್ನು ಕರೆದರು. ತಂದೆಯನ್ನು ದ್ರೋಹಿ ಎಂದ ದೇಶ, ಸರಿಯಾಗಿ ಮಾತನಾಡಲು ಬಾರದ ಭಾಷೆ. ಆದರೂ 1950ರ ಮಾರ್ಚಿಯಲ್ಲಿ, 52ರ ಹೊಸ್ತಿಲಲ್ಲಿ, ತಾಯಿ, ಹೆಂಡತಿ, ಮಕ್ಕಳನ್ನು ಜಪಾನಿನಲ್ಲೇ ಬಿಟ್ಟು ಹೊರಟರು. ಮೂರು ತಿಂಗಳಲ್ಲಿ ಯುದ್ಧ ಶುರುವಾಯಿತು. ಬೂಸಾನ್ ಬಳಿಯ ಕೇಂದ್ರದಲ್ಲಿ ಅವರು ಕಿಮ್ಚಿಗೆ ಬೇಕಾದ ಕೋಸು, ಮೂಲಂಗಿಯ ತಳಿಗಳನ್ನೂ ರೋಗವಿಲ್ಲದ ಬಿತ್ತನೆ ಆಲೂಗಡ್ಡೆಯನ್ನೂ ಬೆಳೆಸಿದರು. ಬೀಜವಿಲ್ಲದ ಕಲ್ಲಂಗಡಿ ಅವರದೇ ಎಂದು ಕೊರಿಯಾದಲ್ಲಿ ಬಹಳ ಕಾಲ ನಂಬಿದ್ದರು. ಅದು ನಿಜವಾಗಿ ಜಪಾನಿನ ಕಿಹಾರ ಅವರದು, ಇವರು ಬೆಳೆದು ತೋರಿಸಿದ್ದಷ್ಟೇ.

1953ರಲ್ಲಿ ತಾಯಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಲು ಸರ್ಕಾರ ಅನುಮತಿ ಕೊಡಲಿಲ್ಲ. ಹೋದರೆ ಮರಳುವುದಿಲ್ಲ ಎಂಬ ಭಯವಿತ್ತಂತೆ. ಜನ ಸಂತಾಪವಾಗಿ ಕೊಟ್ಟ ಹಣದಿಂದ ಅವರು, ನೀರಿಗೆ ಕಷ್ಟವಿದ್ದ ಕೇಂದ್ರದಲ್ಲಿ ಒಂದು ಬಾವಿ ತೋಡಿಸಿದರು. ಅದಕ್ಕಿಟ್ಟ ಹೆಸರಿನ ಅರ್ಥ ತಾಯಿಯ ಕರುಣೆಯ ಹಾಲಿನ ಬುಗ್ಗೆ.

1959ರ ಆಗಸ್ಟಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ, ದೇಶದ ಸಾಂಸ್ಕೃತಿಕ ಪದಕ ಅವರಿಗೆ ಬಂತು. ಕೆಲವೇ ದಿನಗಳಲ್ಲಿ, ಆಗಸ್ಟ್ 10ರಂದು, ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಕೊರಿಯಾದ ಸುವೊನ್‌ನಲ್ಲಿ.