ಮರಳುದಿಬ್ಬಗಳ ಚರಿತ್ರೆಯನ್ನು ಓದಿದ ವಿಜ್ಞಾನಿ

ಬೆಟ್ಟವು ನಿಂತಲ್ಲೇ ನಿಲ್ಲುವುದೆಂದು ನಾವು ನಂಬಿರುತ್ತೇವೆ. ಆದರೆ ನಡೆಯುವ ಬೆಟ್ಟಗಳೂ ಉಂಟು. ಅಮೆರಿಕದ ಮಿಶಿಗನ್ ಸರೋವರದ ದಕ್ಷಿಣ ದಡದ ಮರಳುದಿಬ್ಬಗಳು ಅಂಥವು. ಅವುಗಳ ನಡೆಯನ್ನು ಅರಿತು ಲೋಕಕ್ಕೆ ತಿಳಿಸಿದವನು ಹೆನ್ರಿ ಚಾಂಡ್ಲರ್ ಕೌಲ್ಸ್.

ಈತನು 1869ರಲ್ಲಿ ಕನೆಕ್ಟಿಕಟ್ ರಾಜ್ಯದ ಕೆನ್ಸಿಂಗ್‌ಟನ್ ಎಂಬಲ್ಲಿ ಜನಿಸಿದನು. ಓಬರ್ಲಿನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಭೂವಿಜ್ಞಾನ, ಸಸ್ಯಶಾಸ್ತ್ರಗಳೆರಡನ್ನೂ ಅಭ್ಯಾಸಮಾಡಿದನು. ಆದುದರಿಂದಲೇ ಸರೋವರದ ದಡಕ್ಕೆ ಹೋದಾಗ ಆತನ ದೃಷ್ಟಿಯು ಮರಳಿನ ಮೇಲೂ ಗಿಡಗಳ ಮೇಲೂ ಸಮನಾಗಿ ಹರಿಯಿತು.

ಅಲೆಗಳು ತಂದು ಹಾಕಿದ ಮರಳು ಒಣಗಿದೊಡನೆ ಗಾಳಿಯು ಅದನ್ನು ಒಳನಾಡಿನ ಕಡೆಗೆ ಒಯ್ಯುತ್ತದೆ. ಕಣಗಳು ದಿಬ್ಬದ ಈ ಮಗ್ಗುಲನ್ನೇರಿ ಆ ಮಗ್ಗುಲಿಗೆ ಉರುಳುತ್ತವೆ. ಹೀಗೆ ದಿಬ್ಬವೇ ಮುಂದೆ ಸರಿದು, ಎದುರಾದ ಮರಗಳನ್ನು ಹೂಳಿಬಿಡುತ್ತದೆ. ಇದನ್ನು ತಡೆಯುವುದು ಬಲು ಸಾಮಾನ್ಯವಾದ ಒಂದು ಹುಲ್ಲು. ಅದರ ಬೇರುಗಳು ಮರಳನ್ನು ಹಿಡಿದು ನಿಲ್ಲಿಸಿದ ಮೇಲೆ ಪೊದೆಗಳೂ ಪೈನ್ ಮರಗಳೂ, ಕಡೆಗೆ ಓಕ್ ವನಗಳೂ ಬೆಳೆಯುತ್ತವೆ. ಆ ಹೊದಿಕೆ ಎಲ್ಲಿಯಾದರೂ ಹರಿದರೆ ಗಾಳಿಯು ಅಲ್ಲಿ ಹೊಕ್ಕು, ಹಳ್ಳ ಕೊರೆದು, ನಿಂತ ದಿಬ್ಬವನ್ನು ಪುನಃ ನಡೆಯಿಸುತ್ತದೆ. ದಡದಿಂದ ಒಳಗೆ ಹೋದಂತೆಲ್ಲ ದಿಬ್ಬಗಳ ವಯಸ್ಸು ಹೆಚ್ಚುವುದರಿಂದ, ಕೆಲವೇ ಮೈಲಿಗಳ ನಡಿಗೆಯಲ್ಲಿ ಸಾವಿರಾರು ವರ್ಷಗಳ ಚರಿತ್ರೆಯು ಕಣ್ಣಿಗೆ ಬೀಳುತ್ತದೆ.

ಕೌಲ್ಸನು ಈ ವಿಷಯವಾಗಿ ಬರೆದ ಪ್ರಬಂಧಕ್ಕೆ 1898ರಲ್ಲಿ ಡಾಕ್ಟರ್ ಪದವಿ ದೊರೆಯಿತು. 1899ರಲ್ಲಿ ಅದು ಪ್ರಕಟವಾಗಿ, ಜೀವಿಗಳಿಗೂ ಅವುಗಳ ಪರಿಸರಕ್ಕೂ ಇರುವ ಸಂಬಂಧವನ್ನು ಅರಸುವ ಶಾಸ್ತ್ರಕ್ಕೆ ಅಡಿಗಲ್ಲುಗಳಲ್ಲೊಂದಾಯಿತು. ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಆತನು ಶಿಷ್ಯರನ್ನು ದಿಬ್ಬಗಳಿಗೇ ಕರೆದೊಯ್ದು ಪಾಠ ಹೇಳುತ್ತಿದ್ದನು.

ಅಷ್ಟರಲ್ಲಿ ಗಾಳಿಗಿಂತ ಪ್ರಬಲವಾದ ಶಕ್ತಿಯೊಂದು ದಡಕ್ಕೆ ಬಂದಿತ್ತು. ಮಿಶಿಗನ್ ಸಿಟಿಯ ಬಳಿ ಸುಮಾರು 200 ಅಡಿ ಎತ್ತರವಿದ್ದ 'ಹೂಸಿಯರ್ ಸ್ಲೈಡ್' ಎಂಬ ದಿಬ್ಬದ ಮರಳನ್ನು ಗಾಜಿನ ತಯಾರಿಕೆಗೆಂದು ರೈಲುಗಳಲ್ಲಿ ತುಂಬಿ ಸಾಗಿಸಿದರು. 1920ರ ಹೊತ್ತಿಗೆ ದಿಬ್ಬವೇ ಇಲ್ಲವಾಯಿತು. ಗಾಳಿ ಒಯ್ದ ಮರಳು ಇನ್ನೊಂದೆಡೆ ದಿಬ್ಬವಾದೀತು. ಕುಲುಮೆಯಲ್ಲಿ ಕರಗಿದ ಮರಳು ಹಿಂದಿರುಗದು. ಉಳಿದ ದಿಬ್ಬಗಳನ್ನಾದರೂ ರಾಷ್ಟ್ರವು ಕಾಪಾಡಬೇಕೆಂದು ಕೌಲ್ಸನು 1916ರಲ್ಲಿ ಸರ್ಕಾರದ ವಿಚಾರಣೆಯ ಮುಂದೆ ನಿಂತು ವಾದಿಸಿದನು. ಆಗ ಅದು ಕೈಗೂಡಲಿಲ್ಲ.

1939ರಲ್ಲಿ ಕೌಲ್ಸನು ತೀರಿಕೊಂಡನು. ಆ ದಡದ ಒಂದು ಭಾಗಕ್ಕೆ 1966ರಲ್ಲಿ ರಾಷ್ಟ್ರೀಯ ರಕ್ಷಣೆಯೂ, 2019ರಲ್ಲಿ ರಾಷ್ಟ್ರೀಯ ಉದ್ಯಾನದ ಪದವಿಯೂ ದೊರೆತವು. ಅಲ್ಲಿನ ಒಂದು ಜೌಗುನೆಲವು ಇಂದಿಗೂ ಆತನ ಹೆಸರನ್ನು ಹೊತ್ತಿದೆ. ಕಾಲ ಕೆಳಗಿನ ಮರಳನ್ನೂ ಹುಲ್ಲನ್ನೂ ಶ್ರದ್ಧೆಯಿಂದ ನೋಡಿದವನಿಗೆ ಅವುಗಳನ್ನು ಕಾಯುವುದೂ ತನ್ನ ಕರ್ತವ್ಯವೆಂದು ತೋರಿತು. ನಮಗೂ ಹಾಗೆ ತೋರಿದರೆ ನಮ್ಮ ವಿದ್ಯೆ ಸಾರ್ಥಕ.